ಗ್ಯಾಸಿಗೆ ವಾಸನೆ ಬಂದ ಬಗೆ

1937ರ ಮಾರ್ಚ್ 18, ಗುರುವಾರ. ಅಮೆರಿಕದ ಟೆಕ್ಸಾಸ್ ರಾಜ್ಯದ ನ್ಯೂ ಲಂಡನ್ ಊರಿನ ಶಾಲೆಯಲ್ಲಿ ಮಧ್ಯಾಹ್ನ ಮೂರು ಗಂಟೆ ದಾಟಿತ್ತು. ಕಾರ್ಯಾಗಾರದಲ್ಲಿ ಶಿಕ್ಷಕರೊಬ್ಬರು ಮರ ಉಜ್ಜುವ ಯಂತ್ರದ ಸ್ವಿಚ್ ಹಾಕಿದರು. ಒಂದು ಕಿಡಿ ಸಾಕಾಯಿತು. ಕಟ್ಟಡ ಸಿಡಿದು ಕುಸಿಯಿತು. ಸತ್ತವರು ಸುಮಾರು 300 ಮಂದಿ, ಹೆಚ್ಚಿನವರು ಮಕ್ಕಳು.

ಎಣ್ಣೆಬಾವಿಗಳ ಸೀಮೆಯ ಶ್ರೀಮಂತ ಶಾಲೆ ಅದು. ಇಡೀ ಕಟ್ಟಡಕ್ಕೆ ಒಂದೇ ಬಾಯ್ಲರ್ ಇಡುವ ಬದಲು ಅಲ್ಲಲ್ಲಿ ಒಟ್ಟು 72 ಗ್ಯಾಸ್ ಹೀಟರ್ ಕೂರಿಸಿದ್ದರು. ಆ ವರ್ಷದ ಆರಂಭದಲ್ಲಿ ಖರ್ಚು ಉಳಿಸಲೆಂದು, ದುಡ್ಡು ಕೊಟ್ಟು ತರಿಸುತ್ತಿದ್ದ ಗ್ಯಾಸ್ ನಿಲ್ಲಿಸಿ, ತೈಲ ಕಂಪನಿಗಳು ಬೇಡವೆಂದು ಸುಡುತ್ತಿದ್ದ ಗ್ಯಾಸಿನ ಕೊಳವೆಗೆ ಜೋಡಿಸಿಕೊಂಡರು. ಸೋರಿದ ಗ್ಯಾಸ್ ನೆಲದಡಿಯ ಟೊಳ್ಳಿನಲ್ಲಿ ತುಂಬಿಕೊಂಡಿತು. ಮಕ್ಕಳು ತಲೆನೋವೆಂದು ಹೇಳಿದ್ದುಂಟು. ಬಣ್ಣವೂ ವಾಸನೆಯೂ ಇಲ್ಲದ್ದನ್ನು ಯಾರು ಶಂಕಿಸಬೇಕು?

ಅದೇ ವರ್ಷ ಟೆಕ್ಸಾಸ್ ಕಾನೂನು ಮಾಡಿತು: ಗ್ಯಾಸಿಗೆ ದುರ್ವಾಸನೆ ಬೆರೆಸಬೇಕು, ಎಂಜಿನಿಯರ್ ಎನಿಸಿಕೊಳ್ಳಲು ನೋಂದಣಿ ಬೇಕು. ಉಪಾಯ ಹೊಸದೇನಲ್ಲ, ಜರ್ಮನಿಯಲ್ಲಿ 19ನೇ ಶತಮಾನದಲ್ಲೇ ಗೊತ್ತಿತ್ತು. ಅದನ್ನು ಕಡ್ಡಾಯ ಮಾಡಲು ಇಷ್ಟು ಜೀವ ಹೋಗಬೇಕಾಯಿತು. ಬೆರೆಸುವುದು ಮರ್ಕ್ಯಾಪ್ಟನ್ ಎಂಬ ಗಂಧಕದ ಸಂಯುಕ್ತ. ಕೊಳೆತ ಕೋಸಿನ ನಾತ. ಗಾಳಿಯಲ್ಲಿ ಅತ್ಯಲ್ಪವಿದ್ದರೂ ಮೂಗು ಹಿಡಿಯುತ್ತದೆ.

ಇಂದಿಗೂ ಗ್ಯಾಸ್ ಹೀಟರ್ ರಿಪೇರಿಯಲ್ಲಿ ಮೊದಲ ಕೆಲಸ ಮೂಗಿನದು. ನಾತ ಬಂದರೆ ಸ್ವಿಚ್ ಮುಟ್ಟುವಂತಿಲ್ಲ. ಗ್ಯಾಸ್ ಬಂದ್ ಮಾಡಿ ಹೊರಗೆ ನಡೆಯಬೇಕು. ಜೋಡಣೆಗಳಿಗೆ ಸೋಪಿನ ನೀರು ಹಚ್ಚಿ ಗುಳ್ಳೆ ಏಳುತ್ತದೆಯೇ ಎಂದು ನೋಡುವುದು ಆಮೇಲೆ.

ನಮ್ಮ ಅಡುಗೆಮನೆಯ ಸಿಲಿಂಡರಿನಲ್ಲೂ ಇರುವುದು ಅದೇ ಜಾತಿಯ ನಾತ. “ಗ್ಯಾಸ್ ವಾಸನೆ ಬರ್ತಿದೆ, ನೋಡು” ಎಂದು ಮನೆಯಲ್ಲಿ ಯಾರಾದರೂ ಕೂಗಿದಾಗ ಮೂಗಿಗೆ ಬಡಿದಿರುವುದು ಬೇಕೆಂದೇ ಬೆರೆಸಿಟ್ಟ ಆ ಎಚ್ಚರಿಕೆ.