ಉಂಗುರದ ಬೆನ್ನಿನ ದಾರ

ಹಳೆಯ ಉಂಗುರ ಕೈಗೆ ಸಿಕ್ಕಿದರೆ ಮುಖ ನೋಡಬೇಡಿ, ತಿರುಗಿಸಿ ಬೆನ್ನು ನೋಡಿ. ಹೂವು, ಹರಳು, ಹೆಸರಿನ ಅಕ್ಷರ ಎಲ್ಲ ಮುಂದಿರುತ್ತವೆ. ಅದನ್ನು ತೊಟ್ಟವಳು ಎಷ್ಟು ದುಡಿದಳು ಎಂಬುದು ಮಾತ್ರ ಅಂಗೈ ಕಡೆಯ ಬೆನ್ನಿನಲ್ಲಿ ಗೊತ್ತಾಗುತ್ತದೆ. ಬಿಂದಿಗೆಯ ಕಂಠ, ಒನಕೆ, ಬಾವಿಯ ಹಗ್ಗ, ಕುಡುಗೋಲಿನ ಹಿಡಿ ಇವೆಲ್ಲ ಉಜ್ಜಿದ್ದು ಅಲ್ಲಿಯೇ. ಎಷ್ಟೋ ಉಂಗುರಗಳ ಬೆನ್ನು ಸವೆದು ಸವೆದು ತಂತಿಯಂತಾಗಿ, ಒಂದು ದಿನ ಪಾತ್ರೆ ತೊಳೆಯುವಾಗ ಪಟ್ಟನೆ ಬಿಟ್ಟುಕೊಂಡು ಬಚ್ಚಲು ಸೇರಿವೆ.

ನಮ್ಮ ಸವಳಂಗದ ಕಡೆ ನಾನು ಚಿಕ್ಕವಳಿದ್ದಾಗ ಹೆಂಗಸರ ಉಂಗುರದ ಬೆನ್ನು ಕಾಣಿಸುತ್ತಲೇ ಇರಲಿಲ್ಲ. ಅಲ್ಲಿ ದಾರ ಸುತ್ತಿರುತ್ತಿತ್ತು. ಸುತ್ತುವಾಗ ಬಿಳಿ, ವಾರದೊಳಗೆ ಅರಿಸಿನದ ಹಳದಿ, ತಿಂಗಳಿಗೆ ಮಸಿಯ ಬಣ್ಣ. ಸಡಿಲವಾದ ಉಂಗುರ ಜಾರದಿರಲಿ ಎಂದು ಸುತ್ತುತ್ತಾರೆ ಎನ್ನುವುದು ಅರ್ಧ ಮಾತು. ಇನ್ನರ್ಧ ನನಗೆ ತಡವಾಗಿ ಹೊಳೆಯಿತು: ಚಿನ್ನಕ್ಕೂ ಹಿಡಿದ ವಸ್ತುವಿಗೂ ನಡುವೆ ನಿಂತು ಸವೆಯುತ್ತಿದ್ದದ್ದು ದಾರ. ಸವೆದರೆ ಬಿಚ್ಚಿ ಹೊಸದು ಸುತ್ತಿದರಾಯಿತು. ಉಂಗುರಕ್ಕೆ ಕತ್ತರಿ ತಾಗಿಸದೆ ಅಳತೆಯನ್ನೂ ಸರಿಮಾಡುವ, ಸವೆತವನ್ನೂ ತಡೆಯುವ ಈ ಉಪಾಯವನ್ನು ಯಾರು ಕಂಡುಹಿಡಿದರೆಂದು ಯಾವ ಪುಸ್ತಕವೂ ಹೇಳುವುದಿಲ್ಲ. ಹೆಂಗಸರು ಕಂಡುಹಿಡಿದದ್ದಕ್ಕೆ ಶಾಸನ ಹಾಕಿಸುವವರು ಯಾರು?

ನನ್ನ ಅಜ್ಜಿಯ ಉಂಗುರ ಮೂಲತಃ ಅವರ ಮಾವನದು. ಗಂಡಸಿನ ಬೆರಳಿನದು ಹೆಣ್ಣಿನ ಬೆರಳಿಗೆ ಬಂದಿತ್ತು. ಅಜ್ಜಿ ಬೇಸಿಗೆಯಲ್ಲಿ ಎರಡು ಸುತ್ತು ಕಡಿಮೆ, ಚಳಿಗಾಲದಲ್ಲಿ ಎರಡು ಸುತ್ತು ಹೆಚ್ಚು ಹಾಕುತ್ತಿದ್ದರು. ಸೆಕೆಗೆ ಬೆರಳು ಊದುತ್ತದೆ, ಚಳಿಗೆ ಸೊರಗುತ್ತದೆ ಎಂಬುದಕ್ಕೆ ಅವರಿಗೆ ವೈದ್ಯರು ಬೇಕಿರಲಿಲ್ಲ.

ಚಿನ್ನ ಮೆತ್ತಗಿನ ಲೋಹ. 22 ಕ್ಯಾರೆಟ್ ಎಂದರೆ ನೂರಕ್ಕೆ ಸುಮಾರು 91.6 ಪಾಲು ಚಿನ್ನ, ಮಿಕ್ಕಿದ್ದು ತಾಮ್ರ, ಬೆಳ್ಳಿ. ಅಷ್ಟು ಬೆರೆಸಿದರೂ ಅದು ಗಟ್ಟಿಯಾಗುವುದು ಅಷ್ಟಕ್ಕಷ್ಟೆ. ಅದರ ಮೇಲೆ ನಾವು ಉಜ್ಜುತ್ತಿದ್ದದ್ದು ಏನನ್ನು? ನಮ್ಮದು ಭತ್ತದ ಸೀಮೆ. ಹಲ್ಲಿಗೂ ಪಾತ್ರೆಗೂ ಉಮಿ ಸುಟ್ಟ ಬೂದಿ. ಆ ಬೂದಿಯಲ್ಲಿ ನೂರಕ್ಕೆ 85ಕ್ಕಿಂತ ಹೆಚ್ಚು ಪಾಲು ಸಿಲಿಕಾ, ಅಂದರೆ ಮರಳಿನ ವಂಶದ್ದು, ಚಿನ್ನಕ್ಕಿಂತ ಬಹಳ ಗಡುಸು. ಹಿತ್ತಾಳೆ ಬಿಂದಿಗೆ ಫಳಫಳ ಹೊಳೆದಷ್ಟೂ ಉಂಗುರ ಹಗುರಾಗುತ್ತಿತ್ತು. ಆಮೇಲೆ ಸ್ಟೀಲ್ ಪಾತ್ರೆ ಬಂತು, ತಂತಿಯ ಉಜ್ಜುಗ ಬಂತು, ಪರಿಸ್ಥಿತಿ ಏನೂ ಸುಧಾರಿಸಲಿಲ್ಲ.

ಇನ್ನು ಅಕ್ಕಸಾಲಿಗರ ಬಳಿ ಹೋಗಿ ಚಿಕ್ಕದು ದೊಡ್ಡದು ಮಾಡಿಸುವ ಲೆಕ್ಕ ನೋಡಿ. ಉಂಗುರದ ಅಡ್ಡಳತೆಯನ್ನು 1 ಮಿಲಿಮೀಟರ್ ಹೆಚ್ಚಿಸಬೇಕಾದರೆ ಸುತ್ತಿಗೆ 3 ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು ಚಿನ್ನ ಸೇರಿಸಬೇಕು. ಬೆನ್ನು 2 ಮಿಲಿಮೀಟರ್ ಅಗಲ, 1 ಮಿಲಿಮೀಟರ್ ದಪ್ಪ ಇದ್ದರೆ ಆ ತುಂಡಿನ ತೂಕ ಸುಮಾರು 0.11 ಗ್ರಾಂ. ಒಂದು ಗುಲಗಂಜಿಯ ತೂಕ ಸುಮಾರು 0.12 ಗ್ರಾಂ. ಅಂದರೆ ಬೆರಳು ಒಂದು ಕೂದಲೆಳೆ ದಪ್ಪಗಾದರೆ ಒಂದು ಗುಲಗಂಜಿ ಚಿನ್ನ! ಸಣ್ಣಗಾದರೆ ಅಷ್ಟೇ ಚಿನ್ನ ಕತ್ತರಿಸಿ ತೆಗೆಯಬೇಕು. ಆ ಚೂರನ್ನು ಕೇಳಿ ಪಡೆದವರು ಎಷ್ಟು ಮಂದಿಯೋ. ಮೇಲೆ ಅರ ಹಾಕಿದ ಪುಡಿ ಬೇರೆ. ಅಕ್ಕಸಾಲೆಯ ನೆಲದ ದೂಳನ್ನು ಕೊಂಡು ತೊಳೆದು, ಅದರಲ್ಲಿನ ಚಿನ್ನದಿಂದಲೇ ಬದುಕುತ್ತಿದ್ದ ಜಲಗಾರರ ಕಸುಬೊಂದು ಇತ್ತು ಎಂದ ಮೇಲೆ ಎಷ್ಟು ಉದುರುತ್ತಿತ್ತು ಎಂದು ಊಹಿಸಿಕೊಳ್ಳಿ. ಅಕ್ಕಸಾಲಿಗ ಅಕ್ಕನ ಚಿನ್ನವನ್ನೂ ಬಿಡ ಎಂಬ ಗಾದೆ ಮಾತ್ರ ನನಗೆ ಅನ್ಯಾಯವೆನಿಸುತ್ತದೆ. ಅರದ ಹಲ್ಲಿಗೆ ಅಕ್ಕ ಯಾರು, ನೆರೆಯವಳು ಯಾರು?

ಬೆಸುಗೆಯ ಕಥೆಯೂ ಇದೆ. ಉಂಗುರ ಕರಗದೆ ಬೆಸುಗೆ ಮಾತ್ರ ಕರಗಬೇಕಾದರೆ ಅದರಲ್ಲಿ ತಾಮ್ರ, ಬೆಳ್ಳಿ ಹೆಚ್ಚು ಬೆರೆಸಬೇಕು. ಹಾಗಾಗಿ ಬೆಸುಗೆ ಬಿದ್ದಷ್ಟೂ ಒಡವೆಯ ಮಚ್ಚು ಇಳಿಯುತ್ತಿತ್ತು. ಮಾರಲು ಹೋದಾಗ ಅದಕ್ಕೇ ಬೆಲೆ ಕಡಿತ. ಮುಂದೆ ಕೆಡಿಎಂ ಎಂಬ ಮೂರಕ್ಷರ ನಮ್ಮೆಲ್ಲರ ಬಾಯಿಗೆ ಬಂತು. ಕ್ಯಾಡ್ಮಿಯಂ ಬೆರೆಸಿದ ಬೆಸುಗೆ ಅದು. ಚಿನ್ನದ ಪಾಲು ನೂರಕ್ಕೆ 92ರಷ್ಟು ಉಳಿಯುತ್ತದೆ ಎಂದು ನಾವು ಅಂಗಡಿಗಳಲ್ಲಿ ಕೇಳಿ ಕೇಳಿ ಕೊಂಡೆವು. ಆದರೆ ಕಾಯಿಸಿದಾಗ ಏಳುವ ಕ್ಯಾಡ್ಮಿಯಂ ಹೊಗೆ ಊದುಕೊಳವೆ ಹಿಡಿದವನ ಶ್ವಾಸಕೋಶಕ್ಕೂ ಮೂತ್ರಪಿಂಡಕ್ಕೂ ವಿಷ. ಈ ಮಾತನ್ನು ಅಂಗಡಿಯ ಗಾಜಿನ ಈಚೆ ಕುಳಿತ ನಮಗೆ ಯಾರೂ ಹೇಳಲಿಲ್ಲ.

ಸಡಿಲ ಉಂಗುರ ಏನೆಲ್ಲ ಮಾಡಬಲ್ಲುದು ಎಂದು ತಿಳಿಯಲು ಹಳೆಯ ನಾಟಕಗಳನ್ನು ನೋಡಬೇಕು. ಕಾಳಿದಾಸನ ಶಕುಂತಲೆಯ ಉಂಗುರ ತೀರ್ಥದ ನೀರಿನಲ್ಲಿ ಜಾರಿದ್ದು ನಮಗೆಲ್ಲ ಗೊತ್ತು. ಶಾಪ ಶಾಪ ಎನ್ನುತ್ತೇವೆ. ರಾಜನ ಬೆರಳಿನ ಉಂಗುರ ಆಶ್ರಮದ ಹುಡುಗಿಯ ಬೆರಳಿನಲ್ಲಿ ನಿಲ್ಲುವುದಾದರೂ ಹೇಗೆ ಎಂದು ಯಾರೂ ಕೇಳಲಿಲ್ಲ. ವಿಶಾಖದತ್ತ ಕೇಳಿದ್ದಾನೆ. ಅವನ 'ಮುದ್ರಾರಾಕ್ಷಸ'ದಲ್ಲಿ ಅಮಾತ್ಯ ರಾಕ್ಷಸನ ಹೆಂಡತಿ ಚಂದನದಾಸನ ಮನೆಯಲ್ಲಿ ಅಡಗಿರುತ್ತಾಳೆ. ಬಾಗಿಲಾಚೆ ಓಡಿದ ಮಗುವನ್ನು ಹಿಡಿದೆಳೆಯುವಾಗ ಅವಳ ಬೆರಳಿನಿಂದ ಉಂಗುರ ಜಾರಿ ಉರುಳಿ ಚಾಣಕ್ಯನ ಗೂಢಚಾರನ ಕಾಲ ಬಳಿ ನಿಲ್ಲುತ್ತದೆ. ಅದು ಗಂಡಸಿನ ಬೆರಳಿನ ಅಳತೆಗೆ ಮಾಡಿದ್ದು, ಆದ್ದರಿಂದ ಜಾರಿತು ಎಂದು ಕವಿ ಆ ಚಾರನ ಬಾಯಲ್ಲಿಯೇ ಹೇಳಿಸಿದ್ದಾನೆ. ಆ ಮುದ್ರೆಯನ್ನೊತ್ತಿದ ಕಪಟ ಪತ್ರದಿಂದ ರಾಕ್ಷಸ ಸೋತು, ಕೊನೆಗೆ ಚಂದ್ರಗುಪ್ತನ ಮಂತ್ರಿಯಾಗಬೇಕಾಯಿತು. ಇದೇ ಕಥೆಯನ್ನು ಕೆಂಪುನಾರಾಯಣ 1823ರಲ್ಲಿ 'ಮುದ್ರಾಮಂಜೂಷ'ವೆಂದು ಕನ್ನಡ ಗದ್ಯದಲ್ಲಿ ಬರೆದ. ಆ ತಾಯಿ ನಾಲ್ಕು ಸುತ್ತು ದಾರ ಸುತ್ತಿಕೊಂಡಿದ್ದರೆ ಚಾಣಕ್ಯ ಬೇರೆ ದಾರಿ ಹುಡುಕಬೇಕಿತ್ತು.

ಕತ್ತರಿಸದೆ ಅಳತೆ ಬದಲಿಸುವ ಉಂಗುರಗಳೂ ಹೊಸವಲ್ಲ. ಹರಪ್ಪಾ ನಾಗರಿಕತೆಯ ಊರುಗಳಲ್ಲಿ ತಂತಿ ಸುತ್ತಿ ಮಾಡಿದ ತಾಮ್ರದ ಉಂಗುರಗಳು ಸಿಕ್ಕಿವೆ. ಒತ್ತಿದರೆ ಬಿಗಿ, ಹಿಗ್ಗಿಸಿದರೆ ಸಡಿಲ. ಅಷ್ಟು ದೂರ ಏಕೆ, ನಮ್ಮ ಕಾಲುಂಗುರವನ್ನೇ ನೋಡಿ. ಬಾಯಿ ತೆರೆದಿರುತ್ತದೆ. ಬಸುರಿಯಲ್ಲಿ ಕಾಲು ಊದಿದರೂ ಬಾಣಂತನದಲ್ಲಿ ಇಳಿದರೂ ಬೆರಳಿನಲ್ಲೇ ಒತ್ತಿ ಸರಿಮಾಡಿಕೊಳ್ಳಬಹುದು. ನಮ್ಮೂರಿನ ಹತ್ತಿರದ ಸೂರಗೊಂಡನಕೊಪ್ಪ ಸಂತ ಸೇವಾಲಾಲರ ಜನ್ಮಸ್ಥಳ. ಆ ಜಾತ್ರೆಗೆ ಹೋಗುವ ಹಿರಿಯ ಲಂಬಾಣಿ ಹೆಂಗಸರ ಕೈತುಂಬ ಬೆಳ್ಳಿ ಕಂಡಿದ್ದೇನೆ. ಬೆಳ್ಳಿ ಬಾಗುತ್ತದೆ, ತೊಟ್ಟವಳ ಮಾತು ಕೇಳುತ್ತದೆ. ಚಿನ್ನದ ಕೈ ಉಂಗುರಕ್ಕೆ ಮಾತ್ರ ಬಾಯಿ ತೆರೆದಿಡಲು ನಮ್ಮವರು ಹೆಚ್ಚು ಒಪ್ಪಲಿಲ್ಲ. ಸೀರೆಯ ಎಳೆಗೆ ಸಿಕ್ಕುತ್ತದೆ ಎನ್ನುವುದು ಒಂದು ಕಾರಣ, ಮುರಿದ ಹಾಗೆ ಕಾಣುತ್ತದೆ ಎನ್ನುವುದು ದೊಡ್ಡ ಕಾರಣ.

ಒಂದು ಗುಲಗಂಜಿಗೆ ಇಷ್ಟು ಲೆಕ್ಕಾಚಾರ ಏಕೆ ಎಂದು ಕೇಳಬಹುದು. ಹೊನ್ನಾಳಿಯ ಹೆಸರಿನಲ್ಲೇ ಹೊನ್ನಿದೆ, ಕುದುರೆಕೊಂಡ, ಪಲವನಹಳ್ಳಿಗಳ ನೆಲದಲ್ಲಿ ಹಳೆಯ ಚಿನ್ನದ ಗಣಿಗಳ ಗುರುತಿದೆ. ಆದರೆ ಆ ನೆಲದ ಮೇಲೆ ನಾಟಿ ಮಾಡಿದ ಹೆಂಗಸಿಗೆ ತನ್ನದೆಂದು ಇದ್ದ ಹೊನ್ನು ಬೆರಳಿನ ಮೇಲಿದ್ದಷ್ಟೇ. ಹೊಲ ಗಂಡಸಿನ ಹೆಸರಿನಲ್ಲಿ, ಮನೆ ಗಂಡಸಿನ ಹೆಸರಿನಲ್ಲಿ. ಮೈಸೂರು ಸಂಸ್ಥಾನದಲ್ಲಿ 1933ರಲ್ಲಿ ಬಂದ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯಿದೆ ಒಡವೆಯನ್ನು ಸ್ತ್ರೀಧನವೆಂದು ಬರೆದಿಟ್ಟಿತು. ಮುಂದೆ 1956ರ ಉತ್ತರಾಧಿಕಾರ ಕಾಯಿದೆ ಹೆಣ್ಣಿನ ಆಸ್ತಿಗೆ ಅವಳನ್ನೇ ಪೂರ್ಣ ಒಡತಿಯಾಗಿಸಿತು. ಅಜ್ಜಿಗೆ ಈ ಕಾಯಿದೆಗಳ ಹೆಸರು ಗೊತ್ತಿರಲಿಲ್ಲ. ಗಿರವಿ ಅಂಗಡಿಯ ತಕ್ಕಡಿ ಗೊತ್ತಿತ್ತು. ಅಲ್ಲಿ ಮೊದಲು ದಾರ ಬಿಚ್ಚಿಸುತ್ತಿದ್ದರು. ಬಿಚ್ಚಿದ ಜಾಗದಲ್ಲಿ ಬೆನ್ನು ಹೊಸದರಂತೆ ದಪ್ಪಗಿದ್ದರೆ ಅದೇ ಅವಳ ಉಳಿತಾಯ ಖಾತೆ. ಬಿತ್ತನೆಗೆ ಒಮ್ಮೆ, ಮಗನ ಕಾಲೇಜಿಗೆ ಒಮ್ಮೆ ಆ ಉಂಗುರ ಹೋಗಿ ಬಂದಿದೆ.

1962ರಲ್ಲಿ ಚೀನಾ ಯುದ್ಧವಾದಾಗ ದೇಶದ ಉದ್ದಗಲಕ್ಕೂ ಹೆಂಗಸರು ಬಳೆ, ಉಂಗುರ ಬಿಚ್ಚಿ ರಕ್ಷಣಾ ನಿಧಿಗೆ ಕೊಟ್ಟರು. ಮರುವರ್ಷದ ಜನವರಿಯಲ್ಲಿ ಮೊರಾರ್ಜಿ ದೇಸಾಯಿಯವರ ಚಿನ್ನ ನಿಯಂತ್ರಣ ಆಜ್ಞೆ ಬಂತು: 14 ಕ್ಯಾರೆಟ್ಟಿಗಿಂತ ಶುದ್ಧವಾದ ಒಡವೆ ಹೊಸದಾಗಿ ಮಾಡಕೂಡದು. ಅಕ್ಕಸಾಲಿಗರ ಕುಲುಮೆಗಳು ಆರಿದವು. ಲಕ್ಷಾಂತರ ಮಂದಿ ಕೆಲಸ ಕಳೆದುಕೊಂಡರು, ಕೆಲವರು ಪ್ರಾಣವನ್ನೇ ಕಳೆದುಕೊಂಡರು. 14 ಕ್ಯಾರೆಟ್ಟಿನ ಕಟ್ಟು 1966ರಲ್ಲಿ ಹೋಯಿತು. ಚಿನ್ನ ನಿಯಂತ್ರಣ ಮಾತ್ರ 1968ರಲ್ಲಿ ಕಾಯಿದೆಯಾಗಿ 1990ರವರೆಗೂ ಉಳಿಯಿತು. ಉಂಗುರ ರಿಪೇರಿಗೆ ಕೊಡಲು ಹೆದರುತ್ತಿದ್ದ ಆ ದಿನಗಳಲ್ಲಿ ದಾರದ ಸುತ್ತುಗಳು ಹೆಚ್ಚಾದವು ಎಂದು ಅಮ್ಮ ಹೇಳುತ್ತಿದ್ದಳು. ಇದರಲ್ಲೊಂದು ವಿಚಿತ್ರವಿದೆ. ಸವೆತದ ದೃಷ್ಟಿಯಿಂದ ನೋಡಿದರೆ ಉಂಗುರಕ್ಕೆ 14 ಕ್ಯಾರೆಟ್ಟೇ ಮೇಲು. ಯೂರೋಪು, ಅಮೆರಿಕಗಳ ಮದುವೆ ಉಂಗುರಗಳು ಹೆಚ್ಚಾಗಿ 14 ಇಲ್ಲವೆ 18 ಕ್ಯಾರೆಟ್ಟಿನವು, ಗಡುಸು, ಬಾಳಿಕೆ ಹೆಚ್ಚು. ಆದರೆ ಅಲ್ಲಿ ಉಂಗುರ ಬರಿಯ ಉಂಗುರ. ಇಲ್ಲಿ ಅದು ಆಪತ್ತಿಗೆ ಕರಗುವ ಧನ. ಸರ್ಕಾರ ಲೋಹದ ಲೆಕ್ಕ ಹಾಕಿತು, ನಮ್ಮವರು ಬದುಕಿನ ಲೆಕ್ಕ ಹಾಕಿದರು. ನನ್ನ ಓಟು ಎರಡನೆಯದಕ್ಕೆ.

ಅಜ್ಜಿಯ ಉಂಗುರ ಅಮ್ಮನ ಕೈಗೆ ಬಂದಾಗ ದಾರವಿಲ್ಲದೆಯೇ ಸರಿಯಾಗಿ ಕೂತಿತು, ಅಮ್ಮನ ಬೆರಳು ದಪ್ಪ. ಮೂವತ್ತು ವರ್ಷ ಬರಿಯ ಬೆನ್ನಿನಲ್ಲಿ ದುಡಿದ ಉಂಗುರ ನನಗೆ ಬರುವಷ್ಟರಲ್ಲಿ ಬೆನ್ನು ತೆಳುವಾಗಿತ್ತು. ಒಮ್ಮೆ ಅಮ್ಮನ ಬೆರಳು ಊದಿ ಅದು ಸಿಕ್ಕಿಕೊಂಡಾಗಲೂ ಕಾಪಾಡಿದ್ದು ದಾರವೇ. ನಯವಾದ ದಾರದ ತುದಿಯನ್ನು ಉಂಗುರದ ಅಡಿಯಿಂದ ಅಂಗೈ ಕಡೆಗೆ ತೂರಿಸಿ, ಉಳಿದುದನ್ನು ಉಂಗುರದ ಮುಂದಿನಿಂದ ಗೆಣ್ಣಿನವರೆಗೆ ಒತ್ತಾಗಿ ಸುತ್ತಬೇಕು. ಆಮೇಲೆ ತೂರಿಸಿದ ತುದಿಯನ್ನು ಎಳೆದು ಬಿಚ್ಚುತ್ತ ಹೋದರೆ ಉಂಗುರ ಸುತ್ತಿನ ಮೇಲೆ ಜಾರುತ್ತ ಹೊರಬರುತ್ತದೆ. ಬೆರಳು ನೀಲಿಯಾಗಿದ್ದರೆ ಮಾತ್ರ ಈ ಪ್ರಯೋಗ ಬೇಡ, ಆಸ್ಪತ್ರೆಗೆ ಹೋಗಿ ಉಂಗುರ ಕತ್ತರಿಸಿಕೊಳ್ಳಿ.

ತೆಳುವಾದ ಬೆನ್ನನ್ನು ಏನು ಮಾಡುವುದೆಂದು ಪೇಟೆಯಲ್ಲಿ ಕೇಳಿದೆ. ಒಂದು ಅಂಗಡಿಯಲ್ಲಿ ಹಳೆಯದನ್ನು ಕೊಟ್ಟು ಹೊಸದನ್ನು ಕೊಳ್ಳಿ ಎಂದರು. ಇನ್ನೊಬ್ಬ ವಯಸ್ಸಾದ ಅಕ್ಕಸಾಲಿಗರು, "ಮುಖ ಹಾಗೇ ಇರಲಿ ತಾಯಿ, ಬೆನ್ನು ಮಾತ್ರ ಬದಲಿಸೋಣ" ಎಂದರು. ಅರ್ಧ ಸುತ್ತು ಹೊಸ ಚಿನ್ನ ಹಾಕಿ, ನನ್ನ ಅಳತೆಗಿಂತ ತುಸು ದೊಡ್ಡದಾಗಿಯೇ ಮಾಡಿಸಿಕೊಂಡೆ. ನಾಳೆ ಸೊಸೆಯ ಬೆರಳು ಹೇಗೋ ಏನೋ. ಈಗ ಒಳಗೆ ಎರಡು ಸಣ್ಣ ಚಿನ್ನದ ಗುಂಡು ಬೆಸೆದು ಬಿಗಿ ಮಾಡುವುದೂ ಉಂಟು, ಪ್ಲಾಸ್ಟಿಕ್ಕಿನ ಪಾರದರ್ಶಕ ಸುರುಳಿಗಳೂ ಸಿಗುತ್ತವೆ. ಸುರುಳಿ ಕಾಣುವುದಿಲ್ಲ ಎಂಬುದೇ ಅದರ ಹೆಚ್ಚುಗಾರಿಕೆ. ಕೆಲಸ ದಾರದ್ದೇ.

ಹೊಸ ಉಂಗುರ ಕೊಳ್ಳುವವರು ಒಂದನ್ನು ಗಮನಿಸಬೇಕು. ಹಾಲ್‌ಮಾರ್ಕ್ ನಮ್ಮ ದೇಶದಲ್ಲಿ 2000ದಲ್ಲಿ ಶುರುವಾಗಿ, 2021ರ ಜೂನ್ 16ರಿಂದ ಮೊದಲು 256 ಜಿಲ್ಲೆಗಳಲ್ಲಿ ಕಡ್ಡಾಯವಾಯಿತು. 2023ರ ಏಪ್ರಿಲ್‌ನಿಂದ ಆರಂಕಿಯ ಗುರುತು ಇರಲೇಬೇಕು, 2 ಗ್ರಾಮಿಗಿಂತ ಹಗುರವಾದವಕ್ಕೆ ಮಾತ್ರ ವಿನಾಯಿತಿ. ಆ ಗುರುತನ್ನು ಹಾಕುವುದು ಉಂಗುರದ ಒಳಮೈಯಲ್ಲಿ. ಚಿಕ್ಕದು ಮಾಡಿಸುವಾಗ ಕತ್ತರಿ ಬೀಳುವುದೂ ಅಲ್ಲೇ. ಗುರುತು ಇರುವ ಕಡೆ ಬಿಟ್ಟು ಕತ್ತರಿಸಿ ಎಂದು ಮೊದಲೇ ಹೇಳಿ, ಕತ್ತರಿಸಿದ ಚೂರನ್ನು ಕೇಳಿ ಪಡೆಯಿರಿ. ದಾರ ಸುತ್ತುವವರು ಹತ್ತಿಯ ದಾರವನ್ನೇ ಸುತ್ತಿ, ಗಂಟು ಬೆರಳಿಗೆ ತಾಗದಂತೆ ಬದಿಗೆ ಹಾಕಿ. ಸೋಪಿನ ನೀರು ಕುಡಿದು ನೆನೆದೇ ಇರುವ ದಾರ ಬೆರಳ ಸಂದಿಯಲ್ಲಿ ಹುಣ್ಣು ಮಾಡುತ್ತದೆ. ನಾನು ಶುಕ್ರವಾರ ತಲೆಗೆ ಎರೆದುಕೊಂಡ ಮೇಲೆ ಹಳೆಯದನ್ನು ಬಿಚ್ಚಿ, ಉಂಗುರ ಒಣಗಿಸಿ, ಹೊಸದನ್ನು ಸುತ್ತುತ್ತೇನೆ. ಈಗ ಒಂಬತ್ತು ಸುತ್ತು ಹಿಡಿಯುತ್ತದೆ.