ಬಿಲ್ ಕಲೆಕ್ಟರ್ ಕಂಡ ವೈಟ್‌ಫೀಲ್ಡ್

ಮಂಡಲ ಪಂಚಾಯಿತಿಯ ಕಾಲದಲ್ಲಿ ನಾನು ವರ್ತೂರು ಕಡೆಯ ಒಂದು ಊರಿಗೆ ಬಿಲ್ ಕಲೆಕ್ಟರ್ ಆಗಿ ಸೇರಿದೆ. ಮನೆ ಕಂದಾಯ ಕೇಳಲು ಹೋದರೆ ರೆಡ್ಡಿಗಳ ಮನೆಯಲ್ಲಿ ತೆಲುಗು, ತಿಗಳರ ಕೇರಿಯಲ್ಲಿ ತಮಿಳು, ಮಸೀದಿ ಬೀದಿಯಲ್ಲಿ ಉರ್ದು. ಪಂಚಾಯಿತಿಯನ್ನು ಬೈಯುವಾಗ ಮಾತ್ರ ಎಲ್ಲರದೂ ಅಚ್ಚ ಕನ್ನಡ.

ಈ ಬೆರಕೆ ನಿನ್ನೆ ಮೊನ್ನೆಯದಲ್ಲ. ಕಾಡುಗೋಡಿಯ ದೇವಸ್ಥಾನದಲ್ಲಿ ಹನ್ನೊಂದನೇ ಶತಮಾನದ ತಮಿಳು ಶಾಸನವಿದೆ, ರಾಜೇಂದ್ರ ಚೋಳನ ಕಾಲದ್ದು. ಪಟ್ಟಂದೂರಿನಲ್ಲಿ ಕೆರೆ ಕಟ್ಟಿಸಿದ ಸಂಗತಿ ಅದರಲ್ಲಿದೆ.

ಪಕ್ಕದ ವೈಟ್‌ಫೀಲ್ಡಿನ ಕಥೆ ಬೇರೆ. ಓದಿದ ಭಾರತೀಯರು ಸರ್ಕಾರಿ ಕೆಲಸಕ್ಕೆ ಬರತೊಡಗಿದಾಗ ಆಂಗ್ಲೋ ಇಂಡಿಯನ್ನರಿಗೆ ತಮ್ಮ ಅನ್ನದ ಚಿಂತೆ ಹತ್ತಿತು. ನೆಲ ಉತ್ತು ಬದುಕೋಣ ಎಂದವರು ಡಿ. ಎಸ್. ವೈಟ್. 1882ರಲ್ಲಿ ಹತ್ತನೇ ಚಾಮರಾಜೇಂದ್ರ ಒಡೆಯರು ಅವರ ಸಂಘಕ್ಕೆ 3,900 ಎಕರೆ ಕೊಟ್ಟರು. ಊರನ್ನು ದುಂಡಗೆ ಹಾಸಿದರು: ನಡುವೆ ಹುಲ್ಲಿನ ಮೈದಾನ, ಸುತ್ತ ಇನ್ನರ್ ಸರ್ಕಲ್, ಅದರಾಚೆ ಔಟರ್ ಸರ್ಕಲ್. 1907ರಲ್ಲಿ ಅಲ್ಲಿದ್ದದ್ದು 45 ಕುಟುಂಬ, 130 ಜನ. ಉಳುಮೆ ಅಷ್ಟಾಗಿ ಕೈಹತ್ತಲಿಲ್ಲ, ಮುಂದಿನ ತಲೆಮಾರಿನವರು ರೈಲ್ವೆಗೋ ವಿದೇಶಕ್ಕೋ ಹೊರಟರು. ಚರ್ಚಿಲ್ ಅಲ್ಲಿನ ವೇವರ್ಲಿ ಇನ್‌ಗೆ ಬರುತ್ತಿದ್ದ, ಮಾಲೀಕನ ಮಗಳಿಗೆ ಮನಸೋತಿದ್ದ ಎಂದು ಹೇಳದ ಗೈಡ್ ಇಲ್ಲ. ಇರಬಹುದು. ರಸೀದಿ ನೋಡದೆ ನಂಬುವ ವೃತ್ತಿ ನನ್ನದಲ್ಲ.

ನಮ್ಮ ಹಳ್ಳಿಗಳಿಗೆ 1987ರಲ್ಲಿ ಮಂಡಲ ಪಂಚಾಯಿತಿ ಬಂತು. ನೀರ್ ಸಾಬ್ ಎಂದೇ ಹೆಸರಾಗಿದ್ದ ಮಂತ್ರಿ ಅಬ್ದುಲ್ ನಜೀರ್ ಸಾಬ್ ಆಗ ಊರೂರಿಗೂ ಬೋರ್‌ವೆಲ್ ಕೊರೆಸುತ್ತಿದ್ದರು. ಕೆರೆಯ ತೂಬು ಎತ್ತುತ್ತಿದ್ದ ನೀರುಗಂಟಿ ಮೋಟಾರ್ ಸ್ವಿಚ್ ಹಾಕತೊಡಗಿದ. 1993ರ ಕಾಯ್ದೆಯಿಂದ ಗ್ರಾಮ ಪಂಚಾಯಿತಿಯಾಯಿತು. ಸುಮಾರು 400 ಜನಕ್ಕೆ ಒಬ್ಬ ಸದಸ್ಯ. ನಲ್ಲಿಯಲ್ಲಿ ನೀರು ಬರದಿದ್ದರೆ ಬೆಳಿಗ್ಗೆ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಿದ್ದ ಮೆಂಬರನ್ನು ಅಲ್ಲೇ ಹಿಡಿದು ಕೇಳಬಹುದಿತ್ತು. ಎಷ್ಟೋ ಮೆಂಬರುಗಳು ಆ ಹೋಟೆಲನ್ನೇ ಬಿಟ್ಟರು, ಆ ಮಾತು ಬೇರೆ.

ಆಮೇಲೆ ಸಿಂಗಪುರ, ಟಾಟಾ ಮತ್ತು ರಾಜ್ಯ ಸರ್ಕಾರ ಸೇರಿ ಐಟಿಪಿಎಲ್ ಎಂಬ ಟೆಕ್ ಪಾರ್ಕ್ ಕಟ್ಟಿದವು. ಇಲ್ಲಿನ ಆಶ್ರಮದಲ್ಲಿ ಸತ್ಯ ಸಾಯಿಬಾಬಾ ದರ್ಶನಕ್ಕೆ ಬರುತ್ತಿದ್ದ ಪರದೇಶದವರನ್ನು ಕಂಡಿದ್ದ ಬೀದಿಗಳಿಗೆ ಈಗ ಕಾನ್ಪುರದವರು, ಹೈದರಾಬಾದಿನವರು ಬಂದರು. ಅವರ ಮನೆ ಕಟ್ಟಲು ಒಡಿಶಾ, ಬಂಗಾಳದ ಕೂಲಿಗಳು ಬಂದರು. ರಾಗಿ ಹೊಲಗಳು ಕಂದಾಯ ನಿವೇಶನಗಳಾದವು. ಭೂಪರಿವರ್ತನೆ ಆಗಿರಲಿಲ್ಲ, ಆದರೂ ಪಂಚಾಯಿತಿ ಕಂದಾಯ ಕಟ್ಟಿಸಿಕೊಂಡಿತು. ಅಂಥ ಎಷ್ಟೋ ಮನೆಗಳ ರಸೀದಿಯಲ್ಲಿ ನನ್ನದೇ ಕೈಬರಹ. ಕಂದಾಯ ಕಟ್ಟಿದ ಮೇಲೆ ಮನೆ ಸಕ್ರಮವಾಯಿತೆಂದೇ ಜನ ತಿಳಿದಿದ್ದರು.

2007ರಲ್ಲಿ ಮಹದೇವಪುರ ಸೇರಿ ಏಳು ನಗರಸಭೆ, ಕೆಂಗೇರಿ ಪುರಸಭೆ, ಜತೆಗೆ 110 ಹಳ್ಳಿಗಳನ್ನು ಬೆಂಗಳೂರಿಗೆ ಸೇರಿಸಿ ಬೃಹತ್ ಪಾಲಿಕೆ ಮಾಡಿದರು. ಆ ನಿವೇಶನಗಳೆಲ್ಲ ಸಕ್ರಮವಲ್ಲದ ಆಸ್ತಿಗಳ ಬಿ ಖಾತೆಯ ಪುಸ್ತಕಕ್ಕೆ ಬಿದ್ದವು. ತೆರಿಗೆ ಪೂರ್ತಿ, ಸಾಲ ಕೊಡಲು ಬ್ಯಾಂಕು ಮಾತ್ರ ಹಿಂದೆಮುಂದೆ ನೋಡುತ್ತದೆ.

ನನ್ನ ತಕರಾರು ಖಾತೆಯದಲ್ಲ, ತಲೆ ಲೆಕ್ಕದ್ದು. 2010ರಲ್ಲಿ ಪಾಲಿಕೆಯ ಮೊದಲ ಚುನಾವಣೆಯಾದಾಗ ಇದ್ದ ವಾರ್ಡುಗಳು 198. ಮರುವರ್ಷದ ಜನಗಣತಿಯಲ್ಲಿ ಪಾಲಿಕೆಯ ಜನ 84 ಲಕ್ಷ. ಭಾಗಿಸಿ ನೋಡಿ: 400 ಜನಕ್ಕೊಬ್ಬ ಇದ್ದ ಕಡೆ 42 ಸಾವಿರಕ್ಕೊಬ್ಬ. ಅದು ಸರಾಸರಿ ಲೆಕ್ಕ. ಜನ ಬಂದು ತುಂಬುತ್ತಿದ್ದದ್ದು ನಮ್ಮ ಅಂಚಿನ ವಾರ್ಡುಗಳಿಗೆ. ಅವರಲ್ಲಿ ಎಷ್ಟೋ ಮಂದಿಯ ಓಟು ಇನ್ನೂ ಹುಟ್ಟೂರಿನಲ್ಲೇ ಇದೆ. ಹಳ್ಳಿ ಪಂಚಾಯಿತಿ ಜಾತಿ, ಜಗಳ, ಕಮಿಷನ್ ಎಲ್ಲ ಇದ್ದ ಜಾಗವೇ. ಆದರೆ ಅಲ್ಲಿ ದೂರು ಹೇಳಲು ಒಂದು ಮುಖವಿತ್ತು. 2020ರ ಸೆಪ್ಟೆಂಬರ್‌ನಲ್ಲಿ ಪಾಲಿಕೆ ಸದಸ್ಯರ ಅವಧಿ ಮುಗಿದ ಮೇಲೆ ಆ 42 ಸಾವಿರಕ್ಕೊಬ್ಬನೂ ಇಲ್ಲವಾದ. 2025ರ ಸೆಪ್ಟೆಂಬರ್‌ನಲ್ಲಿ ಪಾಲಿಕೆಯನ್ನು ಐದು ಮಾಡಿ ನಮ್ಮನ್ನು ಬೆಂಗಳೂರು ಪೂರ್ವಕ್ಕೆ ಸೇರಿಸಿದಾಗಲೂ ಆ ಕುರ್ಚಿ ಖಾಲಿಯೇ ಇತ್ತು.

ಕಾವೇರಿ ಐದನೇ ಹಂತದ ನೀರಿಗೆ ಚಾಲನೆ ಸಿಕ್ಕಿದ್ದು 2024ರಲ್ಲಿ. ಅದಕ್ಕೂ ಹಿಂದಿನ ವರ್ಷಗಳಲ್ಲಿ ಟ್ಯಾಂಕರ್ ತರಿಸಿದವರು, ಕಸ ಎತ್ತಿಸಿದವರು, ಗೇಟಿನಲ್ಲಿ ಯಾರನ್ನು ಬಿಡಬೇಕೆಂದು ತೀರ್ಮಾನಿಸಿದವರು ಅಪಾರ್ಟ್‌ಮೆಂಟಿನ ಸಂಘದವರು. 1882ರಂತೆ ಮತ್ತೆ ಸಂಘದ ಆಡಳಿತ ಎಂದು ನಾನು ತಮಾಷೆ ಮಾಡುವುದುಂಟು. ಈ ಸಂಘಗಳು ವರ್ಷಕ್ಕೊಮ್ಮೆ ಸಭೆ ಕರೆದು ಲೆಕ್ಕ ಒಪ್ಪಿಸುತ್ತವೆ, ಕೈ ಎತ್ತಿಸಿ ಪದಾಧಿಕಾರಿಗಳನ್ನೂ ಆರಿಸುತ್ತವೆ. ಕೈ ಎತ್ತುವ ಹಕ್ಕು ಫ್ಲ್ಯಾಟಿನ ಮಾಲೀಕರಿಗೆ ಮಾತ್ರ. ಬಾಡಿಗೆಗಿರುವವರು, ಮನೆಗೆಲಸಕ್ಕೆ ಬರುವವರು, ಗೇಟು ಕಾಯುವ ಅಸ್ಸಾಮಿನ ಹುಡುಗರು ಆ ಪಟ್ಟಿಯಲ್ಲಿಲ್ಲ.