ಖಲಾಸಿಗಳ ಸೇವಾದಾಖಲೆ: ಉಪ್ಪುಂದದ ಅಂಚಿನಿಂದ ಕೆಲವು ವಿಚಾರಗಳು

ಕರಾವಳಿಯ ಚರಿತ್ರೆ ಎಂದೊಡನೆ ನಮ್ಮ ಸಂಶೋಧಕರು ಬಸರೂರಿನ ಶಾಸನಗಳಿಗೆ, ಅಲ್ಲಿಯ ಅಕ್ಕಿಯ ವ್ಯಾಪಾರಕ್ಕೆ, ಪೋರ್ಚುಗೀಸರ ಕಾಗದಪತ್ರಗಳಿಗೆ ಹೋಗುತ್ತಾರೆ. ಹಡಗುಗಳನ್ನು ನಡೆಸಿದ ಕೈಗಳು ಯಾರವೆಂದು ಕೇಳಿದವರು ವಿರಳ. 1914ರ ಹೊತ್ತಿಗೆ ಬ್ರಿಟಿಷ್ ವ್ಯಾಪಾರಿ ಹಡಗುಗಳಲ್ಲಿ ಐವತ್ತು ಸಾವಿರಕ್ಕೂ ಮಿಕ್ಕಿದ ಲಷ್ಕರರು, ಎಂದರೆ ಭಾರತ ಮೊದಲಾದ ಏಷ್ಯಾದ ಕಡೆಯ ನಾವಿಕರು, ದುಡಿಯುತ್ತಿದ್ದರು. ಬೊಂಬಾಯಿಯಲ್ಲಿ ಹಡಗೇರಿದವರಲ್ಲಿ ರತ್ನಾಗಿರಿ, ಗೋವೆಗಳವರದೇ ದೊಡ್ಡ ಪಾಲು. ಕನ್ನಡ ಜಿಲ್ಲೆಗಳವರು ಆ ಗುಂಪಿನ ಅಂಚಿನವರು.

ಉಪ್ಪುಂದದಂಥ ಊರಿನವರನ್ನು ಹುಡುಕುವಾಗ ಮೊದಲ ತೊಡಕು ಆಡಳಿತದ ಗಡಿ. 1862ರಲ್ಲಿ ಉತ್ತರ ಕನ್ನಡವು ಬೊಂಬಾಯಿ ಪ್ರಾಂತ್ಯಕ್ಕೆ ಸೇರಿತು. ಕುಂದಾಪುರ ತಾಲೂಕು ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡದಲ್ಲಿ ಉಳಿಯಿತು. ಶಿರೂರು ದಾಟಿ ಭಟ್ಕಳಕ್ಕೆ ಕಾಲಿಟ್ಟರೆ ಬೇರೆಯೇ ಪ್ರಾಂತ್ಯ. ಆದಕಾರಣ ಉಪ್ಪುಂದದವನ ಭೂಮಿಯ ಕಾಗದ ಮದರಾಸು ಸರಕಾರದ್ದು. ಅವನು ಬೊಂಬಾಯಿಯಲ್ಲಿ ಹಡಗು ಹತ್ತಿದ್ದರೆ ಕರಾರುಪತ್ರ ಅಲ್ಲಿಯದು. ಉಡುಪಿ ಜಿಲ್ಲೆ ಹುಟ್ಟಿದ್ದು 1997ರಲ್ಲಿ, ಬೈಂದೂರು ತಾಲೂಕು ಅದಕ್ಕೂ ಈಚಿನದು. ಹಳೆಯ ಕಾಗದಗಳಲ್ಲಿ ನೋಡಬೇಕಾದ ಹೆಸರು ಕುಂದಾಪುರ. ಇಂಗ್ಲಿಷಿನಲ್ಲಿ ಅದನ್ನು ‘ಸಿ’ಯಿಂದಲೂ ‘ಕೆ’ಯಿಂದಲೂ ಬರೆದದ್ದುಂಟು.

1863ರಿಂದ 1938ರವರೆಗಿನ ಬ್ರಿಟಿಷ್ ಹಡಗುಗಳ ಸಿಬ್ಬಂದಿ ಪಟ್ಟಿಗಳಲ್ಲಿ ಸುಮಾರು ಶೇಕಡಾ 70 ಇಂದು ಕೆನಡಾದ ನ್ಯೂಫೌಂಡ್‌ಲ್ಯಾಂಡಿನ ಮೆಮೋರಿಯಲ್ ವಿಶ್ವವಿದ್ಯಾಲಯದಲ್ಲಿವೆ. ಹತ್ತರಲ್ಲೊಂದು ಪಾಲು ಲಂಡನ್ನಿನ ಕ್ಯೂ ದಫ್ತರಖಾನೆಯಲ್ಲಿದೆ. ಐದರಲ್ಲಿ ಕೊನೆಗೊಳ್ಳುವ ವರ್ಷಗಳ ಪಟ್ಟಿಗಳು ಗ್ರೀನಿಚ್ಚಿನ ಕಡಲ ವಸ್ತುಸಂಗ್ರಹಾಲಯದಲ್ಲಿವೆ. ಈ ಪೈಕಿ 1915ರ ಪಟ್ಟಿಯನ್ನು ಯಾರು ಬೇಕಾದರೂ ಗಣಕದಲ್ಲಿ ಹುಡುಕಬಹುದು. ಆದರೆ ಲಷ್ಕರರು ಸಹಿ ಹಾಕುತ್ತಿದ್ದುದು ‘ಏಷ್ಯಾಟಿಕ್ ಆರ್ಟಿಕಲ್ಸ್’ ಎಂಬ ಪ್ರತ್ಯೇಕ ಕರಾರಿಗೆ. ಅದು ಭಾರತದ ಬಂದರುಗಳಲ್ಲಿ ತೆರೆದು ಅಲ್ಲಿಯೇ ಮುಗಿಯುವಂಥದ್ದು. ಅದರ ಕಾಗದಗಳೆಲ್ಲ ಇಂಗ್ಲೆಂಡಿನ ಕಟ್ಟಿಗೆ ಸೇರಲಿಲ್ಲ. ಆ ಪಟ್ಟಿಯಲ್ಲಿ ನಮ್ಮವರ ಹೆಸರಿಲ್ಲವೆಂದು ನಮ್ಮವರೇ ಇರಲಿಲ್ಲವೆಂದು ತೀರ್ಮಾನಿಸುವುದು ಶಾಸ್ತ್ರೀಯವಲ್ಲ.

ಹೆಸರನ್ನು ಹಿಡಿದು ಹೊರಟರೆ ಹೆಚ್ಚು ದೂರ ಸಾಗದು. ಮಂಜ, ರಾಮ, ನಾಗ ಎಂದು ಹೇಳಿದವನ ಹೆಸರನ್ನು ಗುಮಾಸ್ತ ತನ್ನ ಕಿವಿಗೆ ಬಿದ್ದಂತೆ ಬರೆದಿರುತ್ತಾನೆ. ಮನೆತನದ ಹೆಸರಂತೂ ಇರುವುದೇ ಇಲ್ಲ. ನನ್ನ ಮಟ್ಟಿಗೆ ಎರಡು ದಾರಿಗಳು ಹೆಚ್ಚು ಭರವಸೆಯವು. ಖಲಾಸಿಗಳ ಮುಖಂಡನಾದ ಸಾರಂಗನು ತನ್ನ ಊರಿನವರನ್ನೂ ನೆಂಟರನ್ನೂ ಸೇರಿಸಿಕೊಳ್ಳುವುದು ವಾಡಿಕೆಯಾಗಿತ್ತು. ಒಬ್ಬನು ಸಿಕ್ಕರೆ ಅವನ ಮೇಲಿನ ಮತ್ತು ಕೆಳಗಿನ ಸಾಲುಗಳನ್ನು ಬಿಡಬಾರದು. ಇನ್ನೊಂದು ದಾರಿ ಹಡಗಿನ ಹೆಸರು. ಮನುಷ್ಯನ ಹೆಸರು ಹತ್ತು ಬಗೆಯಾದರೂ ಹಡಗಿನದು ಸಾಮಾನ್ಯವಾಗಿ ಒಂದೇ ಬಗೆ. ಬೊಂಬಾಯಿಯಿಂದ ಪೂರ್ವ ಆಫ್ರಿಕಕ್ಕೆ ಹೊರಟಿದ್ದ ‘ತಿಲಾವಾ’ ಹಡಗನ್ನು 1942ರ ನವೆಂಬರ್ 23ರಂದು ಜಪಾನಿನ ಜಲಾಂತರ್ಗಾಮಿಯು ಮುಳುಗಿಸಿತು. 280 ಜನ ತೀರಿಕೊಂಡರು. ಮನೆಯವರ ನೆನಪಿನಲ್ಲಿ ಅಂಥದೊಂದು ಹಡಗಿನ ಹೆಸರು ಉಳಿದಿದ್ದರೆ ಸಾಕು, ಕಾಮನ್‌ವೆಲ್ತ್ ಯುದ್ಧಸಮಾಧಿ ಆಯೋಗದ ಪಟ್ಟಿಯನ್ನು ಅಲ್ಲಿಂದ ತೆರೆಯಬಹುದು. ಸಮಾಧಿಯಿಲ್ಲದೆ ಕಡಲಲ್ಲೇ ಉಳಿದ ಭಾರತೀಯ ನಾವಿಕರ ಹೆಸರುಗಳನ್ನು ಮುಂಬಯಿ ಮತ್ತು ಚಿತ್ತಗಾಂಗಿನ ಸ್ಮಾರಕಗಳಿಗಾಗಿ ಅದು ದಾಖಲಿಸಿದೆ. ಹುದ್ದೆ ಮತ್ತು ಹಡಗುಗಳ ಜೊತೆಗೆ ಕೆಲವೆಡೆ ತಂದೆಯ ಹೆಸರೂ ಊರೂ ಇವೆ.

ಸೇವೆಯ ಪುಸ್ತಕದ ಒಂದು ಪ್ರತಿ ನಾವಿಕನ ಕೈಯಲ್ಲೇ ಇರುತ್ತಿತ್ತು. ಬೊಂಬಾಯಿಯ ನಾವಿಕರು ಅದನ್ನು ‘ನಲ್ಲಿ’ ಎನ್ನುತ್ತಿದ್ದರು (ನಮ್ಮ ನೀರಿನ ನಲ್ಲಿಯೆಂದು ಭಾವಿಸಿ ಅಜ್ಜನ ಮಾತನ್ನು ತಳ್ಳಿಹಾಕಬಾರದು). ಹಡಗು, ಹುದ್ದೆ, ಸೇರಿದ ಮತ್ತು ಬಿಟ್ಟ ದಿನಾಂಕಗಳೆಲ್ಲ ಅದರಲ್ಲಿ ದೊರೆಯುತ್ತವೆ. ದಫ್ತರದ ಪ್ರತಿ ನಷ್ಟವಾಗಿದ್ದರೆ ಪೆಟ್ಟಿಗೆಯ ತಳದಲ್ಲಿ ಗೆದ್ದಲಿಗೆ ಕಾಯುತ್ತಿರುವ ಆ ಪುಸ್ತಕವೇ ಮೂಲ ಆಕರ.

ಮಂಜಿ, ಪತ್ತೆಮಾರಿಗಳಲ್ಲಿ ಹೆಂಚು, ಅಕ್ಕಿ, ತೆಂಗು ಸಾಗಿಸಿದವರ ಮಾತು ಬೇರೆ. ಅವರು ಇಂಥ ಯಾವ ಕರಾರಿಗೂ ಸಹಿ ಹಾಕಿದವರಲ್ಲ. ಬಂದರು ಮತ್ತು ಸುಂಕದ ಕಟ್ಟೆಯ ಲೆಕ್ಕಗಳಲ್ಲಿ ಸಿಗುವುದು ನಾವೆಯ ಹೆಸರು, ಸರಕು, ಹೆಚ್ಚೆಂದರೆ ತಾಂಡೇಲನ ಹೆಸರು. 1811ರಲ್ಲಿ ಥಾಮಸ್ ರೋಬಕ್ ನಾವಿಕರ ಹಿಂದುಸ್ತಾನಿಗೆಂದೇ ಒಂದು ನಿಘಂಟನ್ನು ಪ್ರಕಟಿಸಿದ. ಆ ಲಷ್ಕರಿ ನುಡಿಯ ತಾಂಡೇಲನು ನಮ್ಮ ಕರಾವಳಿಯಲ್ಲಿ ಮೀನುಗಾರಿಕೆಯ ದೋಣಿಯ ಯಜಮಾನನಾಗಿ ಇಂದಿಗೂ ಇದ್ದಾನೆ.